ಬಂಡಿದಾರಿಯಲ್ಲಿ ಜಿಪಿಎಸ್ ಗೆರೆ ನಂಬಿ ಬೈಕ್ ಇಳಿಸುವ ಮುನ್ನ

ಹೊಸದುರ್ಗದ ಕಡೆಯ ಬಂಡಿದಾರಿಗೆ ಇಳಿದ ಬೈಕಿನವರನ್ನು ಅವರ ಆಫ್‌ಲೈನ್ ಆ್ಯಪ್ ಕತ್ತಲಾಗುವ ಹೊತ್ತಿಗೆ ತಂದು ನಿಲ್ಲಿಸಿದ್ದು ಹೊಸದಾಗಿ ತೋಡಿದ ಕಾಲುವೆಯ ಅಂಚಿಗೆ. ಸ್ಯಾಟಲೈಟ್ ಸಿಗ್ನಲ್ ಚೆನ್ನಾಗಿತ್ತು, ನಿಂತ ಜಾಗವನ್ನೂ ಆ್ಯಪ್ ಸರಿಯಾಗಿಯೇ ತೋರಿಸುತ್ತಿತ್ತು. ಮೋಸ ಮಾಡಿದ್ದು ಪರದೆಯ ಮೇಲಿನ ಗೆರೆ.

ಗ್ರೂಪಿನಲ್ಲಿ ಬಂದ ಜಿಪಿಎಕ್ಸ್ ಫೈಲ್, ಅಂದರೆ ದಾರಿಯ ಬಿಂದುಗಳನ್ನು ಬರೆದಿಟ್ಟ ಫೈಲ್, ಎರಡು ಬಗೆಯದಿರಬಹುದು. ಟ್ರ್ಯಾಕ್ ಎಂದರೆ ಯಾರೋ ನಿಜವಾಗಿ ಹೋದ ಹಾದಿ. ಕೆಲವು ಮೀಟರಿಗೊಂದರಂತೆ ನೂರಾರು ಬಿಂದುಗಳಿರುತ್ತವೆ. ರೂಟ್ ಎಂದರೆ ಹತ್ತಿಪ್ಪತ್ತು ಬಿಂದುಗಳಷ್ಟೇ. ನಡುವಿನ ದಾರಿಯನ್ನು ನಿಮ್ಮ ಸಾಧನ ತನ್ನಲ್ಲಿರುವ ನಕ್ಷೆ ನೋಡಿ ತಾನೇ ಹುಡುಕುತ್ತದೆ, ನಕ್ಷೆ ಇಲ್ಲದಿದ್ದರೆ ನೇರ ಗೆರೆ ಎಳೆಯುತ್ತದೆ. ಇಬ್ಬರ ಫೋನಿನಲ್ಲಿ ಒಂದೇ ಫೈಲ್ ಎರಡು ದಾರಿ ತೋರಿಸುವುದು ಇದೇ ಕಾರಣಕ್ಕೆ. ಹೊರಡುವ ಮುನ್ನ ಫೈಲ್ ತೆರೆದು ಜೂಮ್ ಮಾಡಿ. ಗೆರೆ ಗುಡ್ಡ, ಹಳ್ಳ ಯಾವುದನ್ನೂ ಲೆಕ್ಕಿಸದೆ ಕಿಲೋಮೀಟರ್‌ಗಟ್ಟಲೆ ನೆಟ್ಟಗೆ ಹೋಗಿದ್ದರೆ ಅಲ್ಲಿ ದಾರಿ ಇದೆ ಎಂದುಕೊಳ್ಳಬೇಡಿ. ಟ್ರ್ಯಾಕ್ ಆಗಿದ್ದರೂ ಅದು ಬೈಕಿನದೋ ಕಾಲ್ನಡಿಗೆಯದೋ, ಯಾವ ತಿಂಗಳಿನದು ಎಂದು ಕಳಿಸಿದವರನ್ನೇ ಕೇಳಿ.

ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆ ಆಧಾರದ ಆ್ಯಪ್‌ಗಳಲ್ಲಿ ಹೊಲದ ಬಂಡಿದಾರಿಗೂ ವಿಂಡ್‌ಮಿಲ್‌ಗೆ ಹಾಕಿದ ಅಗಲವಾದ ಮಣ್ಣಿನ ರಸ್ತೆಗೂ ಒಂದೇ ಚುಕ್ಕೆಗೆರೆ ಇರುವುದು ಸಾಮಾನ್ಯ. ವಿಂಡ್‌ಮಿಲ್ ರಸ್ತೆ ಲಾರಿ ಹೋಗುವಷ್ಟು ಚೆನ್ನಾಗಿರುತ್ತದೆ, ಆದರೆ ಎಷ್ಟೋ ಕಡೆ ಗುಡ್ಡದ ಮೇಲೆ ಕಂಬದ ಬುಡದಲ್ಲೇ ಮುಗಿಯುತ್ತದೆ. ಭದ್ರಾ ಮೇಲ್ದಂಡೆ ಕಾಲುವೆ ತೋಡಿದ ಕಡೆ ಹಳೆಯ ಬಂಡಿದಾರಿಗಳು ತುಂಡಾಗಿವೆ. ಯಾರಾದರೂ ತಿದ್ದುವವರೆಗೆ ನಕ್ಷೆಯಲ್ಲಿ ಅವು ಕೂಡಿಕೊಂಡೇ ಇರುತ್ತವೆ. ತಿದ್ದಿದ ಮೇಲೂ ನೀವು ಹಿಂದೆ ಇಳಿಸಿಕೊಂಡ ನಕ್ಷೆ ಹಳೆಯದೇ. ಎರೆಮಣ್ಣಿನ ದಾರಿಯ ಬಗ್ಗೆ ಆ್ಯಪ್‌ಗೆ ಏನೂ ಗೊತ್ತಿರುವುದಿಲ್ಲ: ಒಂದು ಮಳೆ ಬಿದ್ದರೆ ಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕಚ್ಚಿಕೊಂಡು ಚಕ್ರವೇ ತಿರುಗುವುದಿಲ್ಲ. ದನ ಕಾಯುವವರನ್ನು ಕೇಳುವುದೇ ವಾಸಿ.

ಎಲ್ಲಕ್ಕಿಂತ ಅಪಾಯದ್ದು ತಂತಾನೇ ದಾರಿ ಬದಲಿಸುವ ಆಯ್ಕೆ. ಊರೊಳಗೆ ಉಪಯೋಗಕ್ಕೆ ಬರುತ್ತದೆ, ನಿಜ. ಕಾಡುದಾರಿಯಲ್ಲಿ ಒಂದು ತಿರುವು ತಪ್ಪಿದರೆ ಮಾತ್ರ ಹಳೆಯ ಗೆರೆ ಅಳಿಸಿಹೋಗಿ ಇನ್ನೊಂದು ಬರುತ್ತದೆ, ತಪ್ಪಿದ್ದೇ ತಿಳಿಯುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆಫ್ ಮಾಡಿ, ದಾರಿಯಿಂದ 50 ಮೀಟರ್ ಆಚೆ ಹೋದರೆ ಸದ್ದು ಮಾಡುವ ಎಚ್ಚರಿಕೆ ಆನ್ ಮಾಡಿ. ಸದ್ದಾದರೆ ಬಂದ ದಾರಿಯಲ್ಲೇ ಹಿಂದಕ್ಕೆ.

ಹಿಂದಕ್ಕೆ ಬರಬೇಕೆಂದರೆ ನೀವು ಹೋದ ಹಾದಿ ದಾಖಲಾಗಿರಬೇಕು. ಎಷ್ಟೋ ಆಂಡ್ರಾಯ್ಡ್ ಫೋನುಗಳು ಬ್ಯಾಟರಿ ಉಳಿಸಲು, ಪರದೆ ಆರಿದಾಗ ಆ್ಯಪ್ ಅನ್ನೇ ನಿಲ್ಲಿಸಿಬಿಡುತ್ತವೆ. ಆಮೇಲೆ ನೋಡಿದರೆ ನಡುವಿನ ಕಿಲೋಮೀಟರ್‌ಗಳು ಮಾಯ. ಬ್ಯಾಟರಿ ಸೆಟ್ಟಿಂಗ್‌ನಲ್ಲಿ ಆ ಆ್ಯಪ್‌ಗೆ ಅನ್‌ರಿಸ್ಟ್ರಿಕ್ಟೆಡ್ ಕೊಡಿ. ದುಡ್ಡು ಕೊಟ್ಟು ಕೊಂಡ ಆ್ಯಪ್ ಎಂದು ನೆಮ್ಮದಿಯಾಗಿರಬೇಡಿ. ಕೆಲವು ಆ್ಯಪ್‌ಗಳು ರೀಸ್ಟಾರ್ಟ್ ಆದಾಗ ನೆಟ್‌ವರ್ಕ್ ಇಲ್ಲದೆ ತೆರೆಯುವುದೇ ಇಲ್ಲ. ಮನೆಯಲ್ಲೇ ಏರೋಪ್ಲೇನ್ ಮೋಡ್ ಹಾಕಿ, ಫೋನ್ ಆಫ್ ಮಾಡಿ ಆನ್ ಮಾಡಿ, ದಾರಿ ಹುಡುಕಿಸಿ ನೋಡಿ. ನಕ್ಷೆ ಕಂಡರೆ ಸಾಲದು, ದಾರಿಯೂ ಬರಬೇಕು. ಬೇಸಿಗೆಯಲ್ಲಿ ಹ್ಯಾಂಡಲ್ ಮೇಲೆ ಬಿಸಿಲಿಗೆ ಕೂತ ಫೋನ್ ಕಾದು ಆಫ್ ಆಗುವುದೂ ಉಂಟು. ಮ್ಯಾಗ್ನೆಟ್ ಇರುವ ಹೋಲ್ಡರ್ ಬೇಡವೇ ಬೇಡ, ದಿಕ್ಸೂಚಿ ಹಾಳು.

ಅಕ್ಷಾಂಶ ಕಳಿಸುವಾಗ ಆಗುವ ಎಡವಟ್ಟು ಇನ್ನೊಂದು. ಚಿತ್ರದುರ್ಗ ಇರುವುದು ಸುಮಾರು 14.23 ಡಿಗ್ರಿಯಲ್ಲಿ, ಅಂದರೆ 14 ಡಿಗ್ರಿ 13.8 ನಿಮಿಷ. ಅದನ್ನೇ 14 ಡಿಗ್ರಿ 23 ನಿಮಿಷ ಎಂದು ಸಾಧನಕ್ಕೆ ಹಾಕಿದರೆ ಸುಮಾರು 17 ಕಿಲೋಮೀಟರ್ ಉತ್ತರಕ್ಕೆ ಹೋಗಿಬಿಡುತ್ತೀರಿ. ಹಳೆಯ ಸರ್ವೆ ಆಫ್ ಇಂಡಿಯಾ ನಕ್ಷೆಯನ್ನು ಸ್ಕ್ಯಾನ್ ಮಾಡಿ ಹಾಕುವವರೂ ಗಮನಿಸಿ: ಅಕ್ಷಾಂಶ, ರೇಖಾಂಶಗಳನ್ನು ಅಳೆಯುವ ಆಧಾರಕ್ಕೆ ಡೇಟಮ್ ಎನ್ನುತ್ತಾರೆ; ಅದು ಎವರೆಸ್ಟ್ ಡೇಟಮ್‌ನದು, ಜಿಪಿಎಸ್‌ನದು ಡಬ್ಲ್ಯೂಜಿಎಸ್ 84. ಹೊಂದಿಸದಿದ್ದರೆ ನೂರು ಮೀಟರಿಗೂ ಹೆಚ್ಚು ಪಕ್ಕಕ್ಕೆ ಸರಿಯುತ್ತದೆ.

ಜೋಗಿಮಟ್ಟಿ, ರಂಗಯ್ಯನದುರ್ಗದಂಥ ಅರಣ್ಯದೊಳಗಿನ ದಾರಿಗಳನ್ನೂ ಆ್ಯಪ್ ತೋರಿಸುತ್ತದೆ. ಅನುಮತಿ ಬೇಕೋ ಎಂದು ಹೇಳುವುದಿಲ್ಲ. ಕರಡಿಗಳಿರುವ ಕಾಡು, ಸಂಜೆ ಮೇಲೆ ಅಲ್ಲಿ ದಾರಿ ಹುಡುಕುತ್ತ ಇರಬೇಡಿ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ 112ಕ್ಕೆ ಕರೆ ಮಾಡಿ ಅಕ್ಷಾಂಶ, ರೇಖಾಂಶ ಎರಡನ್ನೂ ದಶಮಾಂಶ ಡಿಗ್ರಿಯಲ್ಲಿ ಓದಿ ಹೇಳಿ. ಹತ್ತಿರದ ಹಳ್ಳಿಯ ಹೆಸರು ಹೇಳಿ, ಪಕ್ಕದ ವಿಂಡ್‌ಮಿಲ್ ಕಂಬದ ಮೇಲೆ ನಂಬರ್ ಬರೆದಿದ್ದರೆ ಅದನ್ನೂ ಕೊಡಿ.