ಎಡ್ವರ್ಡ್ಸ್ ಅಂತರ್ಜಲಕ್ಕೆ ನಾವು ಕಟ್ಟಿದ 4,000 ಡಾಲರ್

ಸ್ಯಾನ್ ಆಂಟೋನಿಯೊದ ಉತ್ತರದಲ್ಲಿ ಎರಡು ಎಕರೆ ಜಾಗ ತಗೊಂಡು ಹಲ್ಲಿನ ಕ್ಲಿನಿಕ್ ಕಟ್ಟಲು ಹೊರಟಾಗ ನಾನೂ ನನ್ನ ಹೆಂಡತಿಯೂ ಮೊದಲು ಬೆಚ್ಚಿದ್ದು ಈ ಶುಲ್ಕ ನೋಡಿ. ನೆಲ ಅಗೆಯುವ ಮೊದಲೇ ಟೆಕ್ಸಾಸ್ ಪರಿಸರ ಆಯೋಗಕ್ಕೆ, ಅಂದ್ರೆ ಟಿಸಿಇಕ್ಯೂಗೆ, 4,000 ಡಾಲರ್ ಕಟ್ಟಬೇಕು. ನಗರದ ಪರ್ಮಿಟ್ ಖರ್ಚು ಬೇರೆ. ಈಗ ಕ್ಲಿನಿಕ್ ಶುರುವಾಗಿದೆ. ಇಲ್ಲೂ ಆಸ್ಟಿನ್ ಕಡೆಯೂ ಜಾಗ ಹುಡುಕುತ್ತಿರುವ ಕನ್ನಡದವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಇಲ್ಲಿ ನೆಲದ ಕೆಳಗೆ ಸುಣ್ಣಕಲ್ಲು. ಅದರ ತುಂಬ ಬಿರುಕು, ತೂತು, ಗುಹೆ. ಮಳೆ ನೀರು ಮಣ್ಣಲ್ಲಿ ಸೋಸಿಕೊಂಡು ನಿಧಾನವಾಗಿ ಇಳಿಯುವುದಿಲ್ಲ, ಸೀದಾ ಒಳಗೆ ಹೋಗುತ್ತದೆ. ಪಾರ್ಕಿಂಗ್ ಜಾಗದಲ್ಲಿ ಸೋರಿದ ಎಣ್ಣೆಯೂ ಅದರ ಜೊತೆಗೇ ಹೋಗುತ್ತದೆ. ನಮ್ಮ ಊರಿನ ನಲ್ಲಿಯಲ್ಲಿ ಬರುವ ನೀರಲ್ಲಿ ದೊಡ್ಡ ಪಾಲು ಈ ಸುಣ್ಣಕಲ್ಲಿನೊಳಗೆ ತುಂಬಿರುವ ಎಡ್ವರ್ಡ್ಸ್ ಜಲಸ್ತರದ್ದು. ಅದಕ್ಕೇ ಎಂಟು ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳ ಥರ), ಈ ಜಲಸ್ತರಕ್ಕೆ ನೀರು ಇಳಿಯುವ ಜಾಗದಲ್ಲಿ ಕಟ್ಟುವವರು ಮೊದಲು ಪ್ಲಾನ್ ಕೊಟ್ಟು, ಶುಲ್ಕ ಕಟ್ಟಿ, ಒಪ್ಪಿಗೆ ತಗೋಬೇಕು. ಪ್ಲಾನ್ ನೋಡುವ ಕೆಲಸ, ಕಟ್ಟುವಾಗ ಬಂದು ತಪಾಸಣೆ ಮಾಡುವ ಕೆಲಸ ನಡೆಯುವುದು ಈ ದುಡ್ಡಿನಿಂದಲೇ.

ಕೊಟ್ಟ ದುಡ್ಡಿಗೆ ಏನು ಸಿಕ್ತು? ಮೊದಲು ನಮ್ಮ ಖರ್ಚಲ್ಲೇ ಒಬ್ಬ ಭೂವಿಜ್ಞಾನಿ ಬಂದು ಇಡೀ ಜಾಗ ನಡೆದು ನೋಡಿದರು. ಹುಲ್ಲಿನ ನಡುವೆ ಕೈ ತೂರುವಷ್ಟು ಒಂದು ತೂತು ಇತ್ತು. ನಾವು ಅದನ್ನ ಹೆಗ್ಗಣದ ಬಿಲ ಅಂದುಕೊಂಡಿದ್ದೆವು, ಆದರೆ ಅದು ನೀರು ಒಳಗೆ ಇಳಿಯುವ ದಾರಿ ಅಂತ ಗೊತ್ತಾದ ಮೇಲೆ ಅದರ ಸುತ್ತ ಜಾಗ ಬಿಟ್ಟು ಕಟ್ಟಡವನ್ನೇ ಸ್ವಲ್ಪ ಸರಿಸಬೇಕಾಯಿತು. ನಾವು ಇಟ್ಟುಕೊಂಡಿದ್ದ ಎಂಜಿನಿಯರಿಂಗ್ ಕಂಪನಿ ಅರ್ಜಿಯಲ್ಲಿ ಎರಡು ಹಾಳೆ ಬಿಟ್ಟು ಕಳಿಸಿ ಮೂರು ವಾರ ಹಾಳು ಮಾಡಿತು, ಆ ಸಿಟ್ಟು ಈಗಲೂ ಇದೆ. ಆಯೋಗದ ಕಡೆಯಿಂದ ತೊಂದರೆ ಇರಲಿಲ್ಲ. ಕೇಳಿದ ಪ್ರಶ್ನೆಗಳೆಲ್ಲ ಸರಿಯಾದವೇ. ಕಟ್ಟಡದಿಂದಾಗಿ ಮಳೆ ನೀರಲ್ಲಿ ಹೆಚ್ಚಾಗುವ ಕೆಸರಿನಲ್ಲಿ ಶೇ. 80ರಷ್ಟು ತಡೆಯಬೇಕು ಅಂತ ನಿಯಮ, ಹಾಗಾಗಿ ಒಂದು ಮರಳಿನ ಸೋಸುಗುಂಡಿ ಕಟ್ಟಿಸಿದೆವು. ಜೋರು ಮಳೆ ಬಂದರೆ ತುಂಬುತ್ತದೆ, ಎರಡು ದಿನದಲ್ಲಿ ಖಾಲಿಯಾಗುತ್ತದೆ. ನನಗಂತೂ ಅದನ್ನ ನೋಡೋದೇ ಖುಷಿ.

ಸಿಟ್ಟು ಬರುವುದು ಶುಲ್ಕದ ಪಟ್ಟಿ ನೋಡಿದಾಗ. ವಾಣಿಜ್ಯ ಕಟ್ಟಡಕ್ಕೆ ಒಂದರಿಂದ ಐದು ಎಕರೆಯೊಳಗೆ 4,000 ಡಾಲರ್, ನೂರು ಎಕರೆಗೆ 10,000. ಅಂದ್ರೆ ನಾವು ಎಕರೆಗೆ 2,000 ಕಟ್ಟಿದರೆ ನೂರು ಎಕರೆಯವರು ಎಕರೆಗೆ 100 ಕಟ್ಟುತ್ತಾರೆ. ನೂರರ ಮೇಲೆ ಎಷ್ಟೇ ಎಕರೆ ಇರಲಿ, ಅದೇ 10,000! ನೆಲವನ್ನ ಜಾಸ್ತಿ ಮುಚ್ಚುವವರು ಜಾಸ್ತಿ ಕೊಡಬೇಕು ಅಲ್ವಾ? ನಮ್ಮದನ್ನ ಕಡಿಮೆ ಮಾಡಿ ಅಂತ ನಾನು ಕೇಳುತ್ತಿಲ್ಲ, ದೊಡ್ಡವರದನ್ನ ಏರಿಸಿ ಇನ್ನಷ್ಟು ತಪಾಸಣೆಗಾರರನ್ನ ಇಟ್ಟುಕೊಳ್ಳಲಿ ಅಂತ ಹೇಳುತ್ತಿದ್ದೇನೆ.

ಬೆಂಗಳೂರಲ್ಲಿ ಅಣ್ಣ ಮನೆ ಕಟ್ಟಿಸಿದಾಗಲೂ ನಕ್ಷೆ ಮಂಜೂರಾತಿಗೆ ಕಟ್ಟಿದ ದುಡ್ಡು ಕಡಿಮೆ ಏನಿರಲಿಲ್ಲ. 30×40 ಸೈಟಿನ ಹೊಸ ಮನೆಗೂ ಮಳೆನೀರು ಕೊಯ್ಲು ಕಡ್ಡಾಯ ಅಂತ 2009ರಿಂದ ನಿಯಮ ಇದೆ. ಅವನ ಕಂಟ್ರಾಕ್ಟರ್ ನಾಮಕಾವಸ್ತೆಗೆ ಒಂದು ಗುಂಡಿ ತೋಡಿ, ಪೈಪ್ ಇಟ್ಟು, ಫೋಟೋ ತೆಗೆದು ಹೋದ. ಆ ಗುಂಡಿಯ ಮುಚ್ಚಳ ತೆಗೆದು ನೋಡಲು ಯಾರೂ ಬರಲಿಲ್ಲ. ಮನೆಯ ಬೋರ್‌ವೆಲ್ ಬತ್ತಿದ ದಿನ ಅಮ್ಮ ಫೋನಲ್ಲಿ ಅತ್ತಿದ್ದು ನನಗೆ ಮರೆತಿಲ್ಲ. ಇಲ್ಲಿ 4,000 ಡಾಲರ್ ಕೊಟ್ಟಾಗ ಹೊಟ್ಟೆ ಉರಿಯದೆ ಇದ್ದದ್ದು ಅದಕ್ಕೇ.

ಟಿಸಿಇಕ್ಯೂನ ಈ ವ್ಯವಸ್ಥೆಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಕಳೆದದ್ದು ಆ ಶುಲ್ಕದ ಪಟ್ಟಿಗೆ. ಇನ್ನೊಂದು ವಿಷಯ: ಶುಲ್ಕ ಒಂದೇ ಸಲ, ಆದರೆ ಸೋಸುಗುಂಡಿಯ ನಿರ್ವಹಣೆ ಪೂರ್ತಿ ಮಾಲೀಕರದ್ದೇ. ಒಪ್ಪಿಗೆಯಾದ ಪ್ಲಾನ್ ಕೌಂಟಿಯ ಆಸ್ತಿ ದಾಖಲೆಯಲ್ಲೂ ಸೇರಿರುತ್ತದೆ. ಕಟ್ಟಡ ಇರುವ ಜಾಗ ಕೊಳ್ಳುವವರು ಆ ಕಾಗದ ಕೇಳಿ ತಗೊಳ್ಳಿ, ಆಮೇಲೆ ಗುಂಡಿಯ ಹತ್ತಿರ ಹೋಗಿ ಮರಳು ಕಟ್ಟಿಕೊಂಡಿದೆಯಾ ಅಂತ ಕಣ್ಣಾರೆ ನೋಡಿ.