ಡಾಪ್ರಾಜೆಕ್ಟ್ ಬಹಳ ಕಾಲ ಬಳಸಿದ ಮೇಲೆ: ಯಾವುದು ದಾಟುತ್ತೆ, ಯಾವುದು ಈ ಕಡೆಯೇ ಉಳಿಯುತ್ತೆ

ಡಾಪ್ರಾಜೆಕ್ಟ್ ಅಂದರೆ ಒಂದು ಸಂಗೀತ ಸಾಫ್ಟ್‌ವೇರ್‌ನಲ್ಲಿ ಕಟ್ಟಿದ ಹಾಡನ್ನು ಇನ್ನೊಂದರಲ್ಲಿ ತೆರೆಯೋಕೆ ಇರುವ ಫೈಲ್ ಸ್ವರೂಪ. ತೀರ್ಪು ಮೊದಲೇ ಹೇಳಿಬಿಡುತ್ತೇನೆ. ನೀವು ಸ್ಟುಡಿಯೋ ಒನ್, ಬಿಟ್‌ವಿಗ್, ಕ್ಯೂಬೇಸ್ ಈ ಮೂರು ಸಾಫ್ಟ್‌ವೇರ್‌ಗಳಲ್ಲಿ ಒಂದರಲ್ಲಿ ಹಾಡು ಕಟ್ಟುತ್ತೀರಿ, ಮಿಕ್ಸ್ ಮಾಡುವವರು ಇನ್ನೊಂದರಲ್ಲಿ ಕೂರುತ್ತಾರೆ ಅಂತಾದರೆ, ಡಾಪ್ರಾಜೆಕ್ಟ್ ಫೈಲ್ ಕಳಿಸಿ. ಜೊತೆಗೆ ಸ್ಟೆಮ್‌ಗಳನ್ನೂ, ಅಂದರೆ ಪ್ರತಿ ಟ್ರ್ಯಾಕಿನ ಆಡಿಯೋ ಫೈಲನ್ನೂ ಕಳಿಸಿ. ಒಂದು ಇದ್ದರೆ ಸಾಕು ಅಂದುಕೊಳ್ಳಬೇಡಿ.

ನನ್ನ ಕೆಲಸ ಭಾವಗೀತೆಗಳಿಗೆ ವಾದ್ಯ ಸಂಯೋಜನೆ, ಆಗಾಗ ಕಿರುಚಿತ್ರಗಳಿಗೆ ಹಿನ್ನೆಲೆ ಸಂಗೀತ. ನಾನು ಕಟ್ಟುವುದು ಸ್ಟುಡಿಯೋ ಒನ್‌ನಲ್ಲಿ. ರಿದಮ್ ಮಾಡಿಕೊಡುವ ಗೆಳೆಯ ಬಿಟ್‌ವಿಗ್‌ನಲ್ಲಿದ್ದಾನೆ. ಮಿಕ್ಸ್ ಮಾಡುವವರು ಕ್ಯೂಬೇಸ್ ಬಿಟ್ಟು ಬರುವವರಲ್ಲ, ಬರಬೇಕಾಗಿಯೂ ಇಲ್ಲ. ಕೈಗೆ ಒಗ್ಗಿದ ಸಾಫ್ಟ್‌ವೇರ್ ಬಿಡಿ ಅಂತ ಯಾರಿಗೂ ಹೇಳಬಾರದು.

ಮುಂಚೆ ಇದ್ದ ದಾರಿಗಳು ಎರಡೇ. ಒಂದು ಓಎಂಎಫ್ ಅಥವಾ ಎಎಎಫ್ ಅನ್ನುವ ಫೈಲ್ ಸ್ವರೂಪಗಳು. ಇವು ಮುಖ್ಯವಾಗಿ ವಿಡಿಯೋ ಸಂಕಲನದಿಂದ ಧ್ವನಿ ವಿಭಾಗಕ್ಕೆ ಕೆಲಸ ದಾಟಿಸೋಕೆ ಬಂದವು. ಯಾವ ಆಡಿಯೋ ತುಣುಕು ಎಲ್ಲಿ ಶುರು, ಎಲ್ಲಿ ಮುಗಿಯುತ್ತೆ, ಫೇಡ್ ಎಷ್ಟು, ವಾಲ್ಯೂಮ್ ಎಷ್ಟು ಅನ್ನುವುದನ್ನು ಒಯ್ಯುತ್ತವೆ. ಮಿಡಿ (ಯಾವ ಸ್ವರ ಯಾವಾಗ, ಎಷ್ಟು ಜೋರು ಅನ್ನುವ ಸೂಚನೆಗಳು) ಒಯ್ಯಲ್ಲ, ಪ್ಲಗಿನ್ (ವಾದ್ಯ, ಎಫೆಕ್ಟ್ ಕೊಡುವ ಸೇರ್ಪಡೆ ಸಾಫ್ಟ್‌ವೇರ್) ಒಯ್ಯಲ್ಲ. ಓಎಂಎಫ್‌ಗಂತೂ 2 ಜಿಬಿ ಮಿತಿ ಬೇರೆ. ಇನ್ನೊಂದು ದಾರಿ ಸ್ಟೆಮ್: ಪ್ರತಿ ಟ್ರ್ಯಾಕನ್ನೂ ಸೊನ್ನೆಯಿಂದ ಕೊನೆವರೆಗೆ ವೇವ್ ಫೈಲ್ ಮಾಡಿ ಕೊಡೋದು. 24 ಬಿಟ್, 48 ಕಿಲೋಹರ್ಟ್ಸ್ ಸ್ಟೀರಿಯೋ ಅಂದರೆ ನಿಮಿಷಕ್ಕೆ ಸುಮಾರು 17 ಎಂಬಿ. ಐದು ನಿಮಿಷದ ಹಾಡಿಗೆ 40 ಟ್ರ್ಯಾಕ್ ಇದ್ದರೆ 3 ಜಿಬಿ ದಾಟುತ್ತೆ. ಗಾತ್ರ ಹೇಗೋ ಸಹಿಸಬಹುದು. ಕಷ್ಟ ಏನಂದ್ರೆ ಸ್ಟೆಮ್ ಕೊಟ್ಟಮೇಲೆ ಸ್ವರ ಸ್ವರವಾಗಿ ಉಳಿಯಲ್ಲ. "ಸರ್, ಎರಡನೇ ಚರಣದಲ್ಲಿ ವೀಣೆ ಒಂಚೂರು ಮುಂಚೆ ಬೀಳ್ತಿದೆ, ಸರಿಮಾಡಿ ಕಳಿಸ್ತೀರಾ?" ಅಂತ ರಾತ್ರಿ ಹತ್ತಕ್ಕೆ ಮೆಸೇಜ್ ಬರುತ್ತೆ. ಒಂದೇ ಒಂದು ಸ್ವರ. ಅದಕ್ಕೆ ನಾನು ಪ್ರಾಜೆಕ್ಟ್ ತೆಗೆದು, ಸರಿಸಿ, ಮತ್ತೆ ಎಕ್ಸ್‌ಪೋರ್ಟ್ ಮಾಡಿ, ಅಪ್‌ಲೋಡ್ ಆಗುವವರೆಗೆ ಕಾಯಬೇಕು, ಅಷ್ಟರಲ್ಲಿ ಅವರು ಬೇರೆ ಹಾಡಿಗೆ ಹೋಗಿರುತ್ತಾರೆ.

2023ರ ಸೆಪ್ಟೆಂಬರ್‌ನಲ್ಲಿ ಬಿಟ್‌ವಿಗ್ ಮತ್ತು ಸ್ಟುಡಿಯೋ ಒನ್ ಮಾಡುವ ಪ್ರಿಸೋನಸ್ ಸೇರಿ ಡಾಪ್ರಾಜೆಕ್ಟ್ ಹೊರತಂದವು. ಎಂಐಟಿ ಪರವಾನಗಿಯಲ್ಲಿರುವ ಮುಕ್ತ ಸ್ವರೂಪ ಇದು, ಯಾರು ಬೇಕಾದರೂ ತಮ್ಮ ಸಾಫ್ಟ್‌ವೇರ್‌ಗೆ ಸೇರಿಸಿಕೊಳ್ಳಬಹುದು, ದುಡ್ಡು ಕೊಡಬೇಕಿಲ್ಲ. ಬಿಟ್‌ವಿಗ್ 5.0.9 ಮತ್ತು ಸ್ಟುಡಿಯೋ ಒನ್ 6.5ರಲ್ಲಿ ಮೊದಲು ಬಂತು. 2024ರಲ್ಲಿ ಕ್ಯೂಬೇಸ್ 14 ಬಂದಾಗ ಅದರಲ್ಲೂ ಸೇರಿತು. ನನ್ನ ಮಟ್ಟಿಗೆ ನಿಜವಾದ ಬಳಕೆ ಶುರುವಾಗಿದ್ದು ಆಗಲೇ.

ಇದರೊಳಗೆ ಏನಿದೆ ಅಂತ ನೋಡಬೇಕಾದರೆ ಫೈಲ್ ಹೆಸರಿನ ಕೊನೆಯಲ್ಲಿ ಜಿಪ್ ಅಂತ ಬದಲಾಯಿಸಿ ತೆರೆಯಿರಿ. ಅದು ಬರೀ ಒಂದು ಜಿಪ್ ಕಡತ. ಒಳಗೆ ಇಡೀ ಹಾಡಿನ ವಿವರ ಇರುವ ಒಂದು ಎಕ್ಸ್‌ಎಮ್‌ಎಲ್ (ಓದಬಹುದಾದ ಪಠ್ಯದ ಫೈಲ್), ಹಾಡಿನ ಹೆಸರು, ಕಲಾವಿದರ ಹೆಸರಿಗೆ ಇನ್ನೊಂದು ಸಣ್ಣ ಎಕ್ಸ್‌ಎಮ್‌ಎಲ್, ಆಮೇಲೆ ಆಡಿಯೋ ಫೈಲ್‌ಗಳು, ಪ್ಲಗಿನ್‌ಗಳ ಸೆಟ್ಟಿಂಗ್‌ಗಳು. ಆ ಎಕ್ಸ್‌ಎಮ್‌ಎಲ್ಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಒಂದೊಂದು ಸ್ವರವೂ ಒಂದೊಂದು ಸಾಲಾಗಿ ಕಾಣುತ್ತೆ: ಯಾವ ಬೀಟ್‌ನಲ್ಲಿ ಶುರು, ಎಷ್ಟು ಉದ್ದ, ಯಾವ ಕೀ, ಎಷ್ಟು ಜೋರು. ನಾಳೆ ಈ ಸಾಫ್ಟ್‌ವೇರ್‌ಗಳೆಲ್ಲ ಮುಚ್ಚಿಹೋದರೂ ಕಣ್ಣಲ್ಲೇ ಓದಬಹುದು. ನನಗೆ ಇದು ತುಂಬಾ ದೊಡ್ಡ ವಿಷಯ.

ಚೆನ್ನಾಗಿ ಕೆಲಸ ಮಾಡಿದ್ದರಲ್ಲಿ ಮೊದಲನೆಯದು ಟೆಂಪೋ. ನಮ್ಮ ಕಡೆ ಮೃದಂಗವನ್ನೋ ತಬಲಾವನ್ನೋ ಕ್ಲಿಕ್ (ಕಿವಿಗೆ ಕೊಡುವ ಲಯದ ಟಿಕ್ ಸದ್ದು) ಇಲ್ಲದೆ ನುಡಿಸಿಸೋದು ಇವತ್ತಿಗೂ ಇದೆ, ಅಲ್ವಾ? ಪಲ್ಲವಿಯಲ್ಲಿ ನಿಮಿಷಕ್ಕೆ 72 ಬೀಟ್ ಇದ್ದ ನಡೆ ಚರಣ ಮುಗಿಯುವಾಗ 75 ಆಗಿರುತ್ತೆ. ಅದೇ ಚೆಂದ. ನಾನು ವಾದಕರ ಹಿಂದೆ ಹೋಗಿ ಟೆಂಪೋ ನಕ್ಷೆ ಮಾಡುತ್ತೇನೆ, ಅವರನ್ನು ಎಳೆದು ಗೆರೆಗೆ ಕೂರಿಸಲ್ಲ. ಈ ನಕ್ಷೆ ಮುಂಚೆ ದಾಟುತ್ತಿರಲಿಲ್ಲ, ಬೇರೆ ಮಿಡಿ ಫೈಲ್ ಕೊಡಬೇಕಿತ್ತು, ಅದನ್ನು ಎತ್ತಿಕೊಳ್ಳಲು ಆ ಕಡೆಯವರು ನೆನಪಿಡಬೇಕಿತ್ತು. ಡಾಪ್ರಾಜೆಕ್ಟ್‌ನಲ್ಲಿ ಟೆಂಪೋ ಬದಲಾವಣೆ, ತಾಳದ ಲೆಕ್ಕ, ಮಾರ್ಕರ್ ಎಲ್ಲಕ್ಕೂ ಜಾಗ ಇದೆ. ಕ್ಯೂಬೇಸ್‌ನಲ್ಲಿ ತೆರೆದಾಗ ಬಾರ್ ಗೆರೆ ಸರಿಯಾಗಿ ಸಮದ ಮೇಲೆ ಬಿದ್ದಿರುತ್ತೆ, ಮಿಕ್ಸ್ ಮಾಡುವವರು ಹಾಕುವ ಡಿಲೇ ನಡೆಗೆ ತಕ್ಕಂತೆ ಕೂರುತ್ತೆ. ಟ್ರ್ಯಾಕ್ ಹೆಸರು, ಬಣ್ಣ, ಫೇಡರ್, ಪ್ಯಾನ್, ಸೆಂಡ್, ಗ್ರೂಪ್, ವಾಲ್ಯೂಮ್ ಆಟೊಮೇಷನ್ (ಹಾಡಿನುದ್ದಕ್ಕೂ ತಾನಾಗೇ ಏರಿಳಿಯುವಂತೆ ಬರೆದಿಟ್ಟದ್ದು) ಇವೆಲ್ಲ ನನಗೆ ನೆಮ್ಮದಿಯಾಗಿ ಬಂದಿವೆ. ಟ್ರ್ಯಾಕ್‌ಗಳಿಗೆ ನಾನು ಕನ್ನಡದಲ್ಲೇ ಹೆಸರಿಡುತ್ತೇನೆ, ಅವೂ ಹಾಗೇ ಬರುತ್ತವೆ. ಆಡಿಯೋ ಫೈಲ್‌ಗಳ ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಇಟ್ಟರೆ ಕ್ಷೇಮ.

ಇನ್ನು ಪ್ಲಗಿನ್. ಇಲ್ಲಿ ಜನ ಜಾಸ್ತಿ ನಿರೀಕ್ಷೆ ಇಟ್ಟುಕೊಳ್ಳುತ್ತಾರೆ. ಫೈಲ್ ಒಯ್ಯೋದು ಪ್ಲಗಿನ್ ಅನ್ನಲ್ಲ, ಅದರ ಸೆಟ್ಟಿಂಗ್ ಅನ್ನು. ಆ ಕಡೆ ಅದೇ ಪ್ಲಗಿನ್, ಅದೇ ಸ್ವರೂಪದಲ್ಲಿ ಇರಬೇಕು. ವಿಎಸ್‌ಟಿ ಅನ್ನುವ ಪ್ಲಗಿನ್ ಸ್ವರೂಪದಲ್ಲಿ 3ನೇ ಆವೃತ್ತಿ (ವಿಎಸ್‌ಟಿ 3) ಬಳಸಿದರೆ ನೆಮ್ಮದಿ. ಹಳೇ ವಿಎಸ್‌ಟಿ 2 ಬಳಸಿ ಕಟ್ಟಿದ ಹಾಡಾದರೆ ಕಷ್ಟ: ಅದರ ಡೆವಲಪರ್ ಕಿಟ್ ಕೊಡೋದನ್ನು ಕ್ಯೂಬೇಸ್ ಮಾಡುವ ಸ್ಟೈನ್‌ಬರ್ಗ್ 2018ರಲ್ಲೇ ನಿಲ್ಲಿಸಿತು, ಆಪಲ್ ಸಿಲಿಕಾನ್ ಮ್ಯಾಕ್‌ನಲ್ಲಿ ಕ್ಯೂಬೇಸ್ ನೇಟಿವ್ ಆಗಿ ಓಡುವಾಗ ವಿಎಸ್‌ಟಿ 2 ತೆಗೆದುಕೊಳ್ಳಲ್ಲ. ಹಾಗಾಗಿ ಹೊಸ ಹಾಡು ಶುರುಮಾಡುವಾಗಲೇ ಒಂದೇ ಪ್ಲಗಿನ್‌ನ ಎರಡು ರೂಪ ಕಂಡರೆ 3ನ್ನೇ ಆರಿಸಿ. ಸಾಫ್ಟ್‌ವೇರ್‌ನ ಒಳಗೇ ಬರುವ ಎಫೆಕ್ಟ್‌ಗಳ ವಿಷಯ ಬೇರೆ. ಡಾಪ್ರಾಜೆಕ್ಟ್‌ನಲ್ಲಿ ಎಲ್ಲರಿಗೂ ಅರ್ಥವಾಗುವಂತೆ ಬರೆದಿಟ್ಟಿರುವುದು ನಾಲ್ಕು ಮಾತ್ರ: ಈಕ್ವಲೈಜರ್, ಕಂಪ್ರೆಸರ್, ನಾಯ್ಸ್ ಗೇಟ್, ಲಿಮಿಟರ್. ನಿಮ್ಮ ಸಾಫ್ಟ್‌ವೇರ್‌ನದ್ದೇ ಸಿಂಥ್, ಅದರದ್ದೇ ರಿವರ್ಬ್ ಮೇಲೆ ಹಾಡು ನಿಂತಿದ್ದರೆ ಆ ಟ್ರ್ಯಾಕನ್ನು ಆಡಿಯೋಗೆ ಇಳಿಸಿ ಕಳಿಸಲೇಬೇಕು. ಇಳಿಸಿದ ಆಡಿಯೋ ಜೊತೆಗೆ ಮಿಡಿ ಟ್ರ್ಯಾಕನ್ನೂ ಮ್ಯೂಟ್ ಮಾಡಿ ಬಿಟ್ಟಿರಿ.

ನಮ್ಮ ಸಂಗೀತ ಮಾಡುವವರು ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದ್ದು ಗಮಕ. ಸ್ಯಾಂಪಲ್ ಮಾಡಿದ ವೀಣೆ, ಕೊಳಲು ನುಡಿಸುವಾಗ ಗಮಕ ಬರೋದು ಪಿಚ್ ಬೆಂಡ್‌ನಿಂದ, ಅಂದರೆ ಸ್ವರವನ್ನು ಮೇಲಕ್ಕೋ ಕೆಳಕ್ಕೋ ಬಾಗಿಸುವ ಸೂಚನೆಯಿಂದ. ಮಿಡಿಯಲ್ಲಿ ಅದು 0ಯಿಂದ 16383ರವರೆಗಿನ ಒಂದು ಸಂಖ್ಯೆ, ನಡುವೆ 8192. ಆ ಸಂಖ್ಯೆಗೆ ಸ್ವರ ಎಷ್ಟು ಬಾಗಬೇಕು ಅನ್ನುವುದು ಸಂಖ್ಯೆಯಲ್ಲಿ ಇರಲ್ಲ, ವಾದ್ಯದ ಪ್ಲಗಿನ್ ಒಳಗಿರುತ್ತೆ. ನಾನು ವೀಣೆಗೆ ಮೇಲಕ್ಕೂ ಕೆಳಕ್ಕೂ 12 ಸೆಮಿಟೋನ್ (ಒಂದು ಸ್ಥಾಯಿಯ ಹನ್ನೆರಡು ಮೆಟ್ಟಿಲು) ಇಟ್ಟು ನುಡಿಸುತ್ತೇನೆ. ಎಷ್ಟೋ ಸಿಂಥ್‌ಗಳಲ್ಲಿ ಮೊದಲೇ ಇಟ್ಟಿರೋದು 2 ಸೆಮಿಟೋನ್. ಆ ಕಡೆ ನನ್ನ ಪ್ಲಗಿನ್ ಇಲ್ಲದೆ ಬೇರೆ ವೀಣೆ ಹಾಕಿದರು ಅಂದುಕೊಳ್ಳಿ. ಚತುಶ್ರುತಿ ರಿಷಭದಿಂದ ಅಂತರ ಗಾಂಧಾರಕ್ಕೆ ಜಾರುವ 2 ಸೆಮಿಟೋನ್ ಎಳೆತ, ಅಲ್ಲಿ ಒಂದು ಸೆಮಿಟೋನ್‌ನ ಮೂರನೇ ಒಂದು ಭಾಗಕ್ಕೆ ಕುಗ್ಗುತ್ತೆ. ಸ್ವರ ಎಲ್ಲ ಸರಿಯಾದ ಜಾಗದಲ್ಲೇ ಕಾಣುತ್ತೆ, ಪರದೆಯಲ್ಲಿ ಗೆರೆಯೂ ಹಾಗೇ ಇರುತ್ತೆ, ಕೇಳಿದರೆ ಉಪ್ಪಿಲ್ಲದ ಸಾರು. ಶಂಕರಾಭರಣ ಗೊತ್ತಿಲ್ಲದ ಇಂಜಿನಿಯರ್‌ಗೆ ಏನು ತಪ್ಪಿದೆ ಅಂತ ಹೊಳೆಯುವುದೇ ಇಲ್ಲ. ಅದಕ್ಕೇ ನಾನು ಟ್ರ್ಯಾಕ್ ಹೆಸರಲ್ಲೇ "ವೀಣೆ, ಬೆಂಡ್ 12" ಅಂತ ಬರೆಯುತ್ತೇನೆ. ಸುಮ್ನೆ ಒಂದು ಸಣ್ಣ ಅಭ್ಯಾಸ, ಬಹಳ ಫೋನ್ ಕರೆ ಉಳಿಸುತ್ತೆ.

ಫೇಡ್ ಬಗ್ಗೆ ಒಂದು ಮಾತು. ಈ ಸ್ವರೂಪದಲ್ಲಿ ಫೇಡ್‌ನ ಉದ್ದಕ್ಕೆ ಜಾಗ ಇದೆ, ಅದು ಬಾಗುವ ಆಕಾರಕ್ಕೆ ಇಲ್ಲ. ಗಾಯಕರ ಉಸಿರಿನ ಮೇಲೆ ನಾಜೂಕಾಗಿ ಹಾಕಿದ ಕ್ರಾಸ್‌ಫೇಡ್‌ಗಳನ್ನು ಆ ಕಡೆ ಒಮ್ಮೆ ಕಿವಿಗೊಟ್ಟು ಕೇಳಬೇಕು. ಹಿಗ್ಗಿಸಿದ ಆಡಿಯೋವೂ ಅಷ್ಟೇ: ಎಲ್ಲಿಂದ ಎಲ್ಲಿಗೆ ಹಿಗ್ಗಿಸಿದ್ದೀರಿ ಅನ್ನುವ ಬಿಂದುಗಳು ದಾಟುತ್ತವೆ, ಹಿಗ್ಗಿಸುವ ವಿಧಾನ ಆಯಾ ಸಾಫ್ಟ್‌ವೇರ್‌ನದ್ದು. ತಾಳವಾದ್ಯಕ್ಕೆ ನಡೆಯುತ್ತೆ, ಕಂಠಕ್ಕೆ ನಡೆಯಲ್ಲ. ಶ್ರುತಿ ತಿದ್ದುವ ಮೆಲೊಡೈನ್‌ನಲ್ಲಿ ತಿದ್ದಿದ್ದನ್ನೂ, ಹಿಗ್ಗಿಸಿದ್ದನ್ನೂ ಕಳಿಸುವ ಮುಂಚೆ ಆಡಿಯೋ ಮಾಡಿಬಿಡಿ.

ಪ್ರೊ ಟೂಲ್ಸ್, ಲಾಜಿಕ್ ಅನ್ನುವ ಬೇರೆ ಸಂಗೀತ ಸಾಫ್ಟ್‌ವೇರ್ ಬಳಸುವವರಿಗೆ ನಾನಿದನ್ನು ಬರೆಯುವ ಹೊತ್ತಿಗೆ ಇದರಿಂದ ಪ್ರಯೋಜನ ಇಲ್ಲ. ಸಿನಿಮಾ ಮಿಕ್ಸ್‌ಗೆ ಹೋಗುವ ಕೆಲಸಕ್ಕೆ ಇವತ್ತಿಗೂ ನಾನು ಕೊಡೋದು ಎಎಎಫ್ ಮತ್ತು ಸ್ಟೆಮ್. ಪ್ರೊ ಟೂಲ್ಸ್ ತೆಗೆದುಕೊಳ್ಳುವ ಪ್ಲಗಿನ್ ಸ್ವರೂಪ ಎಎಎಕ್ಸ್ ಮಾತ್ರ, ಲಾಜಿಕ್ ತೆಗೆದುಕೊಳ್ಳೋದು ಆಡಿಯೋ ಯೂನಿಟ್ ಅನ್ನುವ ಸ್ವರೂಪ ಮಾತ್ರ, ಹಾಗಾಗಿ ಅವು ಡಾಪ್ರಾಜೆಕ್ಟ್ ಓದಲು ಕಲಿತರೂ ನಮ್ಮ ವಿಎಸ್‌ಟಿ ಸೆಟ್ಟಿಂಗ್‌ಗಳು ಹಾಗೇ ದಾಟಲ್ಲ. ಆದರೂ ಟೆಂಪೋ, ಮಿಡಿ, ಆಟೊಮೇಷನ್ ದಾಟಿದರೆ ಅದೇ ದೊಡ್ಡ ಉಪಕಾರ, ದಯವಿಟ್ಟು ಸೇರಿಸಲಿ. ಏಬಲ್‌ಟನ್ ಲೈವ್ ಸಾಫ್ಟ್‌ವೇರ್‌ನವರಿಗೆ ಎಎಎಫ್ ಕೂಡ ಇಲ್ಲ, ಅಲ್ಲಿಂದ ಬರುವ ಹಾಡಿಗೆ ಸ್ಟೆಮ್ ಕೇಳಿಬಿಡಿ. ರೀಪರ್ ಸಾಫ್ಟ್‌ವೇರ್‌ನವರಿಗೆ ಪ್ರಾಜೆಕ್ಟ್ ಕನ್ವರ್ಟರ್ ಅನ್ನುವ ಉಚಿತ ಉಪಕರಣ ಇದೆ, ರೀಪರ್ ಫೈಲನ್ನು ಡಾಪ್ರಾಜೆಕ್ಟ್ ಮಾಡುತ್ತೆ, ತಿರುಗಿಯೂ ಮಾಡುತ್ತೆ. ರೀಪರ್‌ನ ಫೈಲೇ ಸಾದಾ ಪಠ್ಯ ಆಗಿರೋದರಿಂದ ಇದು ಸಾಧ್ಯವಾಗಿದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ದಾಟದೆ ಉಳಿದ ಟ್ರ್ಯಾಕ್‌ಗಳು ಯಾವುವು ಅಂತ ತೆರೆಯುವಾಗಲೇ ಒಂದು ಪಟ್ಟಿ ಕೈಗೆ ಸಿಗಬೇಕು ಅನ್ನುವ ಆಸೆಗೆ. ಅದು ಬರುವವರೆಗೆ ನಾನು ಪ್ರತಿ ಕಳಿಸುವಿಕೆಯ ಜೊತೆ ನನ್ನ ಕಡೆಯ ಒರಟು ಮಿಕ್ಸ್ ಒಂದನ್ನು ವೇವ್ ಮಾಡಿ ಹಾಕುತ್ತೇನೆ. ಆ ಕಡೆಯವರು ಅದನ್ನು ಮೇಲಿನ ಟ್ರ್ಯಾಕ್‌ನಲ್ಲಿ ಇಟ್ಟು, ತೆರೆದ ಪ್ರಾಜೆಕ್ಟಿನ ಜೊತೆ ಹೋಲಿಸಿ ಒಮ್ಮೆ ಪೂರ್ತಿ ಕೇಳಿ, ಆಮೇಲೆ ಫೇಡರ್ ಮುಟ್ಟುತ್ತಾರೆ.