ಕ್ಯಾಲೆಂಡರ್‌ಗೆ ಚಿತ್ರ ಬೇಕು ಅಂತ ಬಂದವರಿಗೆ ದೊಡ್ಡ ಫೈಲ್ ಕೊಡುವ ಮೊದಲು ಇದನ್ನು ಓದಿ

ಮನೆಯಲ್ಲೇ ಕೂತು ಚಿತ್ರ ಬರೆದು ಮಾರುವ ಎಲ್ಲರಿಗೂ ಇದನ್ನು ಬರೆಯುತ್ತಿದ್ದೇನೆ. ದಸರಾ ಮುಗಿಯುತ್ತಿದ್ದಂತೆ ಕ್ಯಾಲೆಂಡರ್, ಡೈರಿಗಳ ಸೀಸನ್ ಶುರುವಾಗುತ್ತದೆ. ಆಗ ಯಾರಾದರೂ ಬಂದು "ನಿಮ್ಮ ಚಿತ್ರ ಭಾಳ ಚಲೋ ಅದಾವ್ರಿ, ನಮ್ಮ ಸಾಹೇಬರಿಗೆ ಕ್ಯಾಲೆಂಡರ್ ಮಾಡಿಸೋದೈತಿ" ಅಂದರೆ ಕೆಲಸ ಬೇಡ ಅನ್ನಬೇಡಿ, ಮಾಡಿ. ಆದರೆ ಕಾಗದದ ಮೇಲೆ ಅವರ ಸಹಿ ಬೀಳುವ ತನಕ, ಪೂರ್ತಿ ದುಡ್ಡು ಕೈಗೆ ಬರುವ ತನಕ ದೊಡ್ಡ ಸೈಜಿನ ಸ್ಕ್ಯಾನ್ ಫೈಲ್ ಮಾತ್ರ ಕೊಡಬೇಡಿ. ನಮ್ಮ ಮನೆಯ ಒಂದು ಇಡೀ ಸೀಸನ್ನಿನ ದುಡಿಮೆ ಹೀಗೆ ಹೋಯಿತು.

ನಾವಿರುವುದು ಗದಗ-ಬೆಟಗೇರಿಯಲ್ಲಿ. ನಾನು ಜಲವರ್ಣದಲ್ಲಿ ಗುಡಿ, ಕೆರೆ, ಹಳೇ ಮನೆಗಳ ಚಿತ್ರ ಬರೆಯುತ್ತೇನೆ. ಗೃಹಪ್ರವೇಶಕ್ಕೆ, ಮದುವೆಗೆ ಉಡುಗೊರೆ ಕೊಡಲು ಜನ ತೆಗೆದುಕೊಂಡು ಹೋಗುತ್ತಾರೆ. ಇವರು ಖಾಸಗಿ ಶಾಲೆಯಲ್ಲಿ ಗಣಿತದ ಮಾಸ್ತರು. ಅವರ ಪಗಾರದಲ್ಲಿ ಮನೆ ಬಾಡಿಗೆ, ರೇಷನ್ನು ನಡೆಯುತ್ತದೆ. ಮಗಳ ಫೀ, ಅತ್ತೆಯ ಔಷಧಿ ಎಲ್ಲ ನನ್ನ ಚಿತ್ರದ ದುಡ್ಡಿನಲ್ಲೇ ಆಗಬೇಕು.

ಪಡಸಾಲೆಯೇ ನನ್ನ ಕೆಲಸದ ಜಾಗ. ಗದಗಿನ ಗಾಳಿ ಎಂಥದ್ದು ಅಂತ ಇಲ್ಲಿಯವರಿಗೆ ಗೊತ್ತು. ಏಪ್ರಿಲ್ ತಿಂಗಳಲ್ಲಿ ಹೊತ್ತೇರಿದ ಮೇಲೆ ಆಕಾಶಕ್ಕೆ ಬಣ್ಣ ಹಾಕಿದರೆ ಅರ್ಧ ಹಾಳೆ ತಲುಪುವಷ್ಟರಲ್ಲಿ ಮೇಲಿನ ಅರ್ಧ ಒಣಗಿ ಗೆರೆ ಬಿದ್ದಿರುತ್ತದೆ. ಅದಕ್ಕೆ ದೊಡ್ಡ ಆಕಾಶ, ಕೆರೆ ನೀರು ಇವನ್ನೆಲ್ಲ ಬೆಳಗಿನ ತಂಪಿನಲ್ಲೇ ಮುಗಿಸಬೇಕು. ಮಗಳ ಡಬ್ಬಿ ಕಟ್ಟುವುದು, ರೊಟ್ಟಿ ಬಡಿಯುವುದು ಕೂಡ ಅದೇ ಹೊತ್ತಿಗೆ. ಹೀಗಾಗಿ ರೊಟ್ಟಿಯ ಕೆಲಸವನ್ನು ಅತ್ತೆಯೇ ವಹಿಸಿಕೊಂಡಿದ್ದಾರೆ. ನೀರಿನದು ಇನ್ನೊಂದು ಪಾಡು. ನಮ್ಮ ಊರಿನಲ್ಲಿ ನಲ್ಲಿ ನೀರು ಯಾವಾಗ ಬರುತ್ತದೋ ಆಗ ಹಿಡಿದಿಡಬೇಕು. ಬೋರಿನ ನೀರು ಗಡಸು, ಒಣಗಿದರೆ ಬಿಳಿ ಉಪ್ಪು ಬಿಡುತ್ತದೆ. ಬಣ್ಣ ಕಲಸಲು ಕುಡಿಯುವ ನೀರಿನ ಘಟಕದಿಂದ ಇವರು ಕ್ಯಾನ್ ತಂದುಕೊಡುತ್ತಾರೆ. ಅತ್ತೆ ಬೆಟಗೇರಿಯಲ್ಲಿ ಬಹಳ ವರ್ಷ ಕೈಮಗ್ಗದಲ್ಲಿ ಸೀರೆ ನೇಯ್ದವರು. ಕೆಂಪಿನಲ್ಲಿ ಎಷ್ಟು ಬಗೆ ಇದೆ ಅಂತ ನನಗಿಂತ ಚೆನ್ನಾಗಿ ಬಲ್ಲರು. ನಮ್ಮ ಮನೆಯಿಂದ ಹೊರಗೆ ಹೋಗುವ ಒಂದೊಂದು ಚಿತ್ರದಲ್ಲೂ ಇಷ್ಟೂ ಜನರ ಕೈ ಇರುತ್ತದೆ.

ಆ ಮನುಷ್ಯ ಹುಬ್ಬಳ್ಳಿಯ ಒಂದು ಜಾಹೀರಾತು ಏಜೆನ್ಸಿಯಿಂದ ಬಂದಿದ್ದೇನೆ ಅಂದ. ಒಂದು ಸೊಸೈಟಿಯವರು ಗ್ರಾಹಕರಿಗೆ ಹಂಚಲು ಕ್ಯಾಲೆಂಡರ್ ಮಾಡಿಸುತ್ತಿದ್ದಾರೆ, ಪೂರ್ತಿ ಗದಗ ಜಿಲ್ಲೆಯ ಚಿತ್ರಗಳೇ ಬೇಕಂತೆ. ಆರು ಹಾಳೆ, ಆರು ಚಿತ್ರ. ಒಂದಕ್ಕೆ 6,000ದಂತೆ 36,000 ರೂಪಾಯಿ ಮಾತಾಯಿತು. 5,000 ಮುಂಗಡವನ್ನು ಅಲ್ಲೇ ಫೋನಿನಿಂದ ಹಾಕಿದ. ಬಿಲ್ಲು, ಕರಾರು ಅಂದಿದ್ದಕ್ಕೆ "ಆಫೀಸಿನಿಂದ ಕಳಿಸ್ತೇವ್ರಿ" ಅಂದ. ಆಮೇಲೆ ಕೇಳಿದಾಗಲೆಲ್ಲ ಅದೇ ಉತ್ತರ.

ಆ ಚಿತ್ರಗಳನ್ನು ನಾನು ಮನಸ್ಸಿಟ್ಟು ಬರೆದೆ. ನಮ್ಮ ಜಿಲ್ಲೆಯಲ್ಲಿ ಬರೆಯಲು ಏನು ಕಮ್ಮಿ ಇದೆ? ಲಕ್ಕುಂಡಿಯ ಕಾಶಿ ವಿಶ್ವನಾಥ ಗುಡಿ, ಅಲ್ಲಿಯದೇ ಮುಸುಕಿನ ಬಾವಿ, ತ್ರಿಕೂಟೇಶ್ವರದ ಆವರಣದಲ್ಲಿರುವ ಸರಸ್ವತಿ ಗುಡಿಯ ಕಂಬಗಳು, ಸೂಡಿಯ ಜೋಡು ಕಳಸದ ಗುಡಿ, ಡಂಬಳದ ದೊಡ್ಡಬಸಪ್ಪ. ಆರನೆಯದು ಮಾಗಡಿ ಕೆರೆ, ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವ ಜಾಗ. ಡಂಬಳದ ಗುಡಿಯೇ ನನಗೆ ಎಲ್ಲಕ್ಕಿಂತ ಕಷ್ಟವಾಗಿದ್ದು. ಅದರ ತಳವಿನ್ಯಾಸ 24 ಮೂಲೆಗಳ ನಕ್ಷತ್ರ. ಗೋಡೆ ಒಂದೊಂದು ಮೂಲೆಯಲ್ಲೂ ತಿರುಗುತ್ತದೆ, ತಿರುಗಿದ ಕಡೆಯಲ್ಲೆಲ್ಲ ನೆರಳು ಬದಲಾಗುತ್ತದೆ. ಒಂದು ನೆರಳು ತಪ್ಪಿದರೂ ಗೋಡೆ ಚಪ್ಪಟೆಯಾಗಿ ಕಾಣುತ್ತದೆ. ಲಕ್ಕುಂಡಿಗೆ ಅತ್ತೆಯನ್ನೂ ಕರೆದುಕೊಂಡು ಹೋಗಿದ್ದೆವು. ಮುಸುಕಿನ ಬಾವಿಯ ಮೆಟ್ಟಿಲ ಮೇಲೆ, ತಮ್ಮ ಕೆಂಪು ಇಳಕಲ್ ಸೀರೆಯಲ್ಲಿ, ಒಂದು ಕೈಯನ್ನು ಮೊಳಕಾಲ ಮೇಲಿಟ್ಟು ಕೂತಿದ್ದರು. ಹಾಗೇ ಚಿತ್ರದಲ್ಲಿ ಬರೆದೆ.

ಈ ಕೆಲಸಕ್ಕೆ ಸಮಯ ಬೇಕು ಅಂತ ಬೇರೆ ಆರ್ಡರ್‌ಗಳನ್ನು ಬಿಟ್ಟೆ. ತುಳಸಿ ಲಗ್ನ ಆದ ಮೇಲೆ ಮದುವೆಗಳು ಶುರುವಾಗುತ್ತವೆ, ನಮಗೆ ಅದೇ ಸುಗ್ಗಿ. ಆ ಸಲದ ಸುಗ್ಗಿ ಪೂರ್ತಿ ಈ ಕ್ಯಾಲೆಂಡರ್‌ಗೇ ಹೋಯಿತು.

ಚಿತ್ರ ಮುಗಿದ ಮೇಲೆ ಮೊಬೈಲ್‌ನಲ್ಲಿ ಫೋಟೋ ತೆಗೆದು ಕಳಿಸಿದೆ. ಅದು ಸಾಲದು ಅಂದ. "ಸಾಹೇಬರು ದೊಡ್ಡ ಟಿವಿಯೊಳಗ ಹಾಕಿ ನೋಡ್ತಾರ್ರಿ, ಫೋಟೋ ಒಡೀತಾವ. ಸ್ಕ್ಯಾನ್ ಮಾಡಿಸಿ ಫುಲ್ ಸೈಜ್ ಕಳಿಸ್ರಿ, ಪಾಸ್ ಆದ ದಿನಾನ ರೊಕ್ಕ ಹಾಕ್ತೀನಿ." ಈ ಮಾತನ್ನು ನೆನಪಿಟ್ಟುಕೊಳ್ಳಿ. ಚಿತ್ರ ಇಷ್ಟವೋ ಇಲ್ಲವೋ ಅಂತ ಹೇಳಲು ಯಾರಿಗೂ 600 ಡಿಪಿಐ, ಅಂದರೆ ಇಂಚಿಗೆ 600 ಚುಕ್ಕಿಗಳ ಸ್ಕ್ಯಾನ್ ಬೇಕಾಗುವುದಿಲ್ಲ. ಅಷ್ಟು ದೊಡ್ಡ ಫೈಲ್ ಬೇಕಾಗುವುದು ಅಚ್ಚು ಹಾಕಲು ಮಾತ್ರ.

ಫೈಲ್ ಹೋದ ಮೇಲೆ ಸ್ವಲ್ಪ ದಿನ ಸುಮ್ಮನಿದ್ದ. ಆಮೇಲೆ ಫೋನ್ ಮಾಡಿ, "ಕಮಿಟಿಯೊಳಗ ಪಾಸ್ ಆಗ್ಲಿಲ್ರಿ ಮೇಡಂ. ಈ ವರ್ಷ ದೇವರ ಫೋಟೋನ ಹಾಕ್ತಾರಂತ. ಅಡ್ವಾನ್ಸ್ ವಾಪಸ್ ಬ್ಯಾಡ, ನಿಮ್ಮ ಕಷ್ಟಕ್ಕ ಇಟ್ಕೋರಿ" ಅಂದ. ದನಿಯಲ್ಲಿ ಎಷ್ಟು ಮರ್ಯಾದೆ! ಆ 5,000ವನ್ನು ಯಾಕೆ ಬಿಟ್ಟುಕೊಟ್ಟ ಅನ್ನುವುದು ನಮಗೆ ಗೊತ್ತಾಗಿದ್ದು ಎಷ್ಟೋ ದಿನ ಆದ ಮೇಲೆ.

ಸಂಕ್ರಾಂತಿಗೆ ಕುಸುರೆಳ್ಳು ಮಾಡಬೇಕು ಅಂತ ಅತ್ತೆ ಎಳ್ಳು, ಸಕ್ಕರೆ ತರಲು ಕಿರಾಣಿ ಅಂಗಡಿಗೆ ಹೋಗಿದ್ದರು. ಸಾಮಾನು ಅಲ್ಲೇ ಬಿಟ್ಟು ಮನೆಗೆ ಬಂದು ನನ್ನ ಕೈ ಹಿಡಿದು ಕರೆದುಕೊಂಡು ಹೋದರು. ಅಂಗಡಿಯ ಗೋಡೆಗೆ ಹೊಸ ಕ್ಯಾಲೆಂಡರ್ ತೂಗುಹಾಕಿತ್ತು. ಮೊದಲ ಹಾಳೆಯಲ್ಲಿ ಮುಸುಕಿನ ಬಾವಿ.

"ಇಲ್ಲಿ ಕುಂತಾಕಿ ನಾನ ಅಲ್ಲೇನವಾ?" ಅಂದರು. ಹೌದು, ಅವರೇ. ಮೊಳಕಾಲ ಮೇಲೆ ಅದೇ ಕೈ. ಸೀರೆಯ ಕೆಂಪು ಮಾತ್ರ ಅಚ್ಚಿನಲ್ಲಿ ಕಂದಾಗಿತ್ತು. "ಕದ್ದು ಹಾಕ್ಯಾರ, ಬಣ್ಣಾನೂ ಕೆಡಿಸ್ಯಾರ" ಅಂತ ಅವರ ಕಣ್ಣಲ್ಲಿ ನೀರು ಬಂತು. ಅಂಗಡಿಯವರು ಒಳ್ಳೆಯವರು. ಅಲ್ಲಿಂದಲೇ ಬಿಚ್ಚಿ ನಮ್ಮ ಕೈಗೆ ಕೊಟ್ಟರು.

ಮನೆಗೆ ತಂದು ಒಂದೊಂದೇ ಹಾಳೆ ತಿರುವಿ ಹಾಕಿದೆ. ಆರೂ ನನ್ನವೇ. ಹೆಸರು ಎಲ್ಲೂ ಇಲ್ಲ. ಮೂಲೆಯಲ್ಲಿದ್ದ ಸಹಿಯನ್ನು ಕೆಲವು ಕಡೆ ಅಂಚಿನ ಸಮೇತ ಕತ್ತರಿಸಿದ್ದರು. ಸೂಡಿಯ ಚಿತ್ರದಲ್ಲಿ ಪಕ್ಕದ ಕಲ್ಲಿನ ತುಂಡನ್ನೇ ಕಂಪ್ಯೂಟರ್‌ನಲ್ಲಿ ನಕಲು ಮಾಡಿ ಸಹಿಯ ಮೇಲೆ ಮೆತ್ತಿದ್ದರು. ಸರಿಯಾಗಿ ನೋಡಿದರೆ ಒಂದೇ ಬಿರುಕಿನ ಎರಡು ಕಲ್ಲು ಅಕ್ಕಪಕ್ಕ ಕಾಣುತ್ತಿದ್ದವು.

ಡಂಬಳದ ಹಾಳೆಯಲ್ಲಿ ಅವರಿಗೆ ತಿಳಿಯದ ಒಂದು ಗುರುತು ಉಳಿದಿತ್ತು. ಆಕಾಶದ ಬಣ್ಣ ಅರ್ಧ ಒಣಗಿದಾಗ ಕುಂಚದಿಂದ ಒಂದು ಹನಿ ನೀರು ಬಿದ್ದಿತ್ತು. ಹಾಗೆ ಬಿದ್ದ ಹನಿ ಸುತ್ತಲಿನ ಬಣ್ಣವನ್ನು ಹೊರಗೆ ತಳ್ಳಿಕೊಂಡು ಹೋಗುತ್ತದೆ. ನಡುವೆ ಬಿಳಿಚು, ಅಂಚಿನಲ್ಲಿ ಹೂಕೋಸಿನ ಹಾಗೆ ಸುರುಳಿ ಸುರುಳಿ ಗೆರೆ. ಜಲವರ್ಣದವರಿಗೆಲ್ಲ ಈ ಕಲೆ ಗೊತ್ತು. ಬರೆದವರೇ ಮತ್ತೆ ಪ್ರಯತ್ನಪಟ್ಟರೂ ಇನ್ನೊಂದು ಸಲ ಅದೇ ಆಕಾರದಲ್ಲಿ ಬರುವುದಿಲ್ಲ. ನನ್ನ ಮೂಲ ಹಾಳೆಯನ್ನು ಪಕ್ಕದಲ್ಲಿಟ್ಟು ನೋಡಿದೆವು. ಶಿಖರದ ಎಡಕ್ಕೆ, ಅದೇ ಜಾಗ, ಅದೇ ಸುರುಳಿ. ಆಮೇಲೆ ಎಲ್ಲ ಕಡೆ ನಮ್ಮ ಪರವಾಗಿ ನಿಂತ ಸಾಕ್ಷಿ ಇದೇ. ಆದ್ದರಿಂದ ಆರ್ಡರ್ ರದ್ದಾದ ಚಿತ್ರದ ಮೂಲ ಹಾಳೆಯನ್ನು ಸಿಕ್ಕ ಬೆಲೆಗೆ ಕೊಟ್ಟುಬಿಡಬೇಡಿ. ಪೆನ್ಸಿಲ್ ಸ್ಕೆಚ್, ಅರ್ಧ ಮುಗಿದಾಗಿನ ಫೋಟೋ, ವಾಟ್ಸಾಪ್ ಮಾತುಕತೆ ಎಲ್ಲವನ್ನೂ ಇಟ್ಟುಕೊಳ್ಳಿ.

ನಾನೂ ಇವರೂ ಹುಬ್ಬಳ್ಳಿಗೆ ಹೋದೆವು. ಆತ ಕೊಟ್ಟಿದ್ದ ವಿಳಾಸದಲ್ಲಿ ಬೇರೆ ಯಾವುದೋ ಅಂಗಡಿ ಇತ್ತು. ಸೊಸೈಟಿಯವರು ಕೂರಿಸಿ ಚಹಾ ಕೊಟ್ಟರು, ಏಜೆನ್ಸಿಗೆ ಪೂರ್ತಿ ದುಡ್ಡು ಸಂದಾಯ ಮಾಡಿದ ಬಿಲ್ಲು ತೋರಿಸಿದರು. ಅದರಲ್ಲಿ ಚಿತ್ರಗಳಿಗೆ ಅಂತಲೇ ಬೇರೆ ಮೊತ್ತ ಹಿಡಿದಿತ್ತು. ಕೊನೆಗೆ ಫೋನಿನಲ್ಲಿ ಸಿಕ್ಕ ಆ ಮನುಷ್ಯನ ದನಿಯೇ ಬೇರೆಯಾಗಿತ್ತು. "ನಾವು ಹೇಳಿ ಬರೆಸಿದ್ದು. ರೊಕ್ಕ ಕೊಟ್ಟೇವಿ, ನೀವು ಇಟ್ಕೊಂಡೀರಿ. ಚಿತ್ರ ನಮ್ಮವು."

ಇದು ಬರೀ ದಬಾಯಿಸುವ ಮಾತು ಅಂದುಕೊಂಡಿದ್ದೆವು. ವಕೀಲರು ಹೇಳಿದ್ದನ್ನು ಕೇಳಿ ಎದೆ ಧಸಕ್ ಅಂತು. 1957ರ ಕಾಪಿರೈಟ್ ಕಾಯ್ದೆಯಲ್ಲಿ ಸಾಮಾನ್ಯವಾಗಿ ಬರೆದವರೇ ಹಕ್ಕುದಾರರು. ಆದರೆ 17ನೇ ಕಲಮಿನಲ್ಲಿ ಒಂದು ಮಾತಿದೆ. ಪ್ರತಿಫಲ ಕೊಟ್ಟು, ತಾನೇ ಹೇಳಿ ಬರೆಸಿದ ಚಿತ್ರವಾದರೆ, ಬೇರೆ ಕರಾರು ಇಲ್ಲದಿದ್ದಾಗ ಬರೆಸಿದವನೇ ಅದರ ಮೊದಲ ಹಕ್ಕುದಾರ ಆಗುತ್ತಾನೆ. ಫೋಟೋ, ಭಾವಚಿತ್ರ, ಪೇಂಟಿಂಗ್ ಎಲ್ಲಕ್ಕೂ ಇದೇ. ನಮ್ಮ ಹತ್ತಿರ ಉಳಿದ ಮುಂಗಡವನ್ನೇ ಪ್ರತಿಫಲ ಅಂತ ಅವರು ವಾದಿಸಬಹುದು ಅಂದರು ವಕೀಲರು. ಇಟ್ಕೋರಿ ಅಂದಿದ್ದು ಇದಕ್ಕೇ ಅಂತ ಆಗ ತಿಳಿಯಿತು. ಎಷ್ಟು ಲೆಕ್ಕ ಹಾಕಿ ಮಾಡಿದ ಕೆಲಸ! ಕೆಲಸ ಬೇಡ ಅಂದು ಮುಂಗಡ ಬಿಟ್ಟುಹೋದವರಿಗೆ, "ಚಿತ್ರಗಳನ್ನು ತಿರಸ್ಕರಿಸಿದ್ದೀರಿ, ಇವುಗಳನ್ನು ಬಳಸುವ ಹಕ್ಕು ನಿಮಗಿಲ್ಲ, ಫೈಲ್ ಅಳಿಸಿ" ಅಂತ ಅದೇ ದಿನ ಬರೆದು ಕಳಿಸಿ. ವಾಟ್ಸಾಪ್‌ನಲ್ಲಾದರೂ ಸರಿ, ಬರಹದಲ್ಲಿ ಇರಲಿ.

ನಮಗೆ ಕೈಹಿಡಿದಿದ್ದು ಎರಡು. "ಪಾಸ್ ಆಗ್ಲಿಲ್ಲ" ಅಂತ ಆತ ಫೋನಿನ ನಂತರ ಕಳಿಸಿದ್ದ ಒಂದು ಮೆಸೇಜು. ಇನ್ನೊಂದು ಅದೇ ಕಾಯ್ದೆಯ 57ನೇ ಕಲಮು. ಹಕ್ಕನ್ನು ಮಾರಿದ ಮೇಲೂ "ಇದನ್ನು ಬರೆದವಳು ನಾನು" ಅಂತ ಹೇಳಿಕೊಳ್ಳುವ ಅಧಿಕಾರ ಕಲಾವಿದರಿಗೆ ಉಳಿದಿರುತ್ತದೆ. ಸಹಿ ಅಳಿಸಿದ್ದು ಅದಕ್ಕೆ ವಿರುದ್ಧ. ವಕೀಲರು ನೋಟಿಸ್ ಕಳಿಸಿದ ಮೇಲೆ ಬಾಕಿಯ ಅರ್ಧದಷ್ಟು ದುಡ್ಡು ಬಂತು. ಹೆಸರು ಹಾಕಲಿಲ್ಲ, ತಪ್ಪಾಯಿತು ಅನ್ನಲಿಲ್ಲ. ಫೈಲ್‌ಗಳು ಈಗಲೂ ಅವರ ಹತ್ತಿರವೇ ಇವೆ. ಕೋರ್ಟಿಗೆ ಹೋಗುವ ಶಕ್ತಿ ಸದ್ಯ ನಮಗಿಲ್ಲ.

ಗದಗನ್ನು ಮುದ್ರಣ ಕಾಶಿ ಅನ್ನುತ್ತಾರೆ. ಇಲ್ಲಿಯ ಪ್ರೆಸ್ಸಿನವರ ಮೇಲೆ ನನಗೆ ಒಂದು ಚೂರೂ ಸಿಟ್ಟಿಲ್ಲ. ಒಬ್ಬ ಹಿರಿಯ ಪ್ರೆಸ್ಸಿನವರೇ ನನಗೆ ಲೆಕ್ಕ ಹೇಳಿಕೊಟ್ಟರು. ಚೆನ್ನಾಗಿ ಅಚ್ಚಾಗಲು ಇಂಚಿಗೆ 300 ಪಿಕ್ಸೆಲ್ ಬೇಕು. 15ಕ್ಕೆ 20 ಇಂಚಿನ ಕ್ಯಾಲೆಂಡರ್‌ಗೆ 4500ಕ್ಕೆ 6000 ಪಿಕ್ಸೆಲ್‌ನ ಫೈಲ್ ಆಗಬೇಕು. 1000 ಪಿಕ್ಸೆಲ್ ಅಗಲದ ಚಿತ್ರ ಕೊಟ್ಟರೆ ಮೂರು ಇಂಚಿನ ಮೇಲೆ ಚೆನ್ನಾಗಿ ಬರುವುದಿಲ್ಲ, ಆದರೆ ಮೊಬೈಲ್‌ನಲ್ಲಿ ನೋಡಲು ಧಾರಾಳ ಸಾಕು. ಈಗ ಒಪ್ಪಿಗೆಗೆ ಅಂತ ನಾನು ಕಳಿಸುವುದು ಅಷ್ಟೇ ಸೈಜು, ನಡುವೆ ಅಡ್ಡಲಾಗಿ ಹೆಸರು ಹಾಕಿ. ಸಹಿಯನ್ನು ಮೂಲೆಯಲ್ಲಿ ಹಾಕುವುದನ್ನೂ ಬಿಟ್ಟೆ. ಮೆಟ್ಟಿಲ ನೆರಳಲ್ಲಿ, ಕಂಬದ ಬುಡದಲ್ಲಿ, ಕತ್ತರಿಸಿದರೆ ಚಿತ್ರವೇ ಹಾಳಾಗುವ ಕಡೆ ಬರೆಯುತ್ತೇನೆ.

ಮನೆಯ ಗೋಡೆಗೆ ಅಂತ ಕೊಳ್ಳುವವರ ಜೊತೆ ಇಷ್ಟೆಲ್ಲ ಕಾಗದಪತ್ರ ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಪ್ರೀತಿಯಿಂದ ಬರುವ ಜನರನ್ನು ಹೆದರಿಸಬಾರದು. ಅಚ್ಚು ಹಾಕುತ್ತೇವೆ ಅನ್ನುವವರಿಗೆ ಮಾತ್ರ ಕುಂಚ ಹಿಡಿಯುವ ಮೊದಲೇ ಕರಾರು ಮಾಡಿಸಿ. ಕಾಪಿರೈಟ್ ಕಲಾವಿದರದ್ದೇ, ಇಂಥ ವರ್ಷದ ಕ್ಯಾಲೆಂಡರ್‌ಗೆ ಮಾತ್ರ ಬಳಸಲು ಅನುಮತಿ, ಇಷ್ಟು ಪ್ರತಿ, ಚಿತ್ರದ ಕೆಳಗೆ ಹೆಸರು ಇರಬೇಕು, ಕೆಲಸ ಬೇಡವಾದರೆ ಮುಂಗಡ ಶ್ರಮಕ್ಕೆ ಮಾತ್ರ ಅಂತ ಬರೆಸಿ, ಸಹಿ ಮಾಡಿಸಿಕೊಳ್ಳಿ. ಯಾರಾದರೂ ಹಕ್ಕನ್ನೇ ಬರೆದುಕೊಡಿ ಅಂದರೆ ಅವಧಿಯನ್ನು ತಪ್ಪದೇ ನಮೂದಿಸಿ. ಅವಧಿ ಬರೆಯದಿದ್ದರೆ ಕಾನೂನು ಅದನ್ನು ಐದು ವರ್ಷ ಅಂತ ಹಿಡಿಯುತ್ತದೆ.

ಮೊನ್ನೆ ಲಕ್ಷ್ಮೇಶ್ವರ ಕಡೆಯ ಒಬ್ಬ ಹುಡುಗ, ಚೆನ್ನಾಗಿ ಚಿತ್ರ ಬರೆಯುವವನು, ಫೋನ್ ಮಾಡಿದ್ದ. ಅವನಿಗೂ ಯಾರೋ "ಸಾಹೇಬರು ದೊಡ್ಡ ಟಿವಿಯೊಳಗ ನೋಡ್ತಾರ" ಅಂದಿದ್ದಾರಂತೆ. ಪುಣ್ಯಕ್ಕೆ ಫೈಲ್ ಇನ್ನೂ ಕಳಿಸಿರಲಿಲ್ಲ. ಅವನಿಗಾಗಿ ಇವರು ಕೂತು ಒಂದು ಪುಟದ ಕರಾರನ್ನು ಕನ್ನಡದಲ್ಲಿ ಟೈಪ್ ಮಾಡಿದರು, ವಕೀಲರು ತಿದ್ದಿಕೊಟ್ಟಿದ್ದಾರೆ. ಬೇಕಾದವರು ಕೇಳಿ, ನಿಮಗೂ ಕಳಿಸುತ್ತೇನೆ.